ಸಿಕ್ಕಾ ಬೀಳದ ಕಾಗದ

ಕಳೆದ ತಿಂಗಳು ಮನೆಗೆ ಸುಣ್ಣ ಹಚ್ಚಿಸುವಾಗ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಕೆಳಗಿಳಿಸಿದೆವು. ಹೆಂಡತಿ ಶಾಂತವ್ವ ಮುಚ್ಚಳ ತೆಗೆದಳು. ಹಳೆಯ ರೇಷನ್ ಕಾರ್ಡು, ಮಗಳ ಅಂಕಪಟ್ಟಿ, ಅವುಗಳ ಕೆಳಗೊಂದು ಪ್ಲಾಸ್ಟಿಕ್ ಚೀಲ. ಚೀಲದ ಗಂಟು ಬಿಚ್ಚಿದ ಕೂಡಲೇ ಕಾರ್ಬನ್ ಹಾಳೆಯ ವಾಸನೆ ಬಂತು. ಮೇಣಕ್ಕೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದಂಥ ವಾಸನೆ.

"ಇದನ್ನ ಇನ್ನೂ ಇಟಗೊಂಡೀರೇನ್ರಿ?" ಎಂದಳು.

ಒಳಗಿದ್ದದ್ದು ಒಂದೇ ಹಾಳೆ. ನನ್ನ ಮೋಟಾರ್‌ಸೈಕಲ್ ಕಳುವಾದ ದೂರಿನ ಕಾರ್ಬನ್ ಪ್ರತಿ. ಮೇಲೆ ಬಲಗಡೆ ದಿನಾಂಕ, ಕೆಳಗೆ ನನ್ನ ಸಹಿ. ಒಂದೂ ತಪ್ಪಿಲ್ಲ, ಒಂದು ಒತ್ತಕ್ಷರವೂ ಜಾಗ ಬಿಟ್ಟು ಸರಿದಿಲ್ಲ. ಅಷ್ಟು ಚೆಂದದ ಕಾಗದವನ್ನು ನಾನು ಜೀವನದಲ್ಲಿ ಮತ್ತೆ ಟೈಪ್ ಮಾಡಲಿಲ್ಲ. ಅಷ್ಟು ಕೆಟ್ಟ ಕಾಗದವನ್ನೂ ಮತ್ತೆ ಮಾಡಲಿಲ್ಲ.

ನಾನು ಸಂಪಗಾಂವದವನು. ಹೆಸರು ಈರಪ್ಪ. ಮೂರನೆಯ ಇಯತ್ತೆಗೇ ಶಾಲೆ ಬಿಡಿಸಿ ಅಪ್ಪ ನನ್ನನ್ನು ಬೈಲಹೊಂಗಲದ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಕೆಲಸಕ್ಕೆ ಹಾಕಿದ್ದ. ಹತ್ತಿಯ ಧೂಳು ಕುಡಿಯುತ್ತಲೇ ಇಪ್ಪತ್ತೆಂಟು ತುಂಬಿತು. ಆಮೇಲೆ ನಮ್ಮೂರಿನ ಹೈಸ್ಕೂಲಿನಲ್ಲಿ ಸಿಪಾಯಿ ಕೆಲಸ ಸಿಕ್ಕಿತು. ಗಂಟೆ ಬಾರಿಸುತ್ತ, ನೀರು ತುಂಬುತ್ತ, ಕಿಟಕಿಯ ಹೊರಗೆ ನಿಂತು ಪಾಠ ಕೇಳುತ್ತಿದ್ದೆ. ಅದನ್ನು ಕಂಡ ಮಾಸ್ತರರೊಬ್ಬರು ಹಠ ಹಿಡಿದು ಹತ್ತನೆಯ ಪರೀಕ್ಷೆ ಕಟ್ಟಿಸಿದರು. ಮೂರನೆಯ ಸಲಕ್ಕೆ ಪಾಸಾದೆ. ಆಗ ನನಗೆ ನಲವತ್ತನಾಲ್ಕು. ಶಾಲೆಯ ಗುಮಾಸ್ತರು ನಿವೃತ್ತಿಗೆ ಬಂದಿದ್ದರು. ಟೈಪಿಂಗ್ ಪಾಸಾದರೆ ಆ ಕುರ್ಚಿ ನಿನ್ನದೇ ಎಂದು ಹೆಡ್‌ಮಾಸ್ತರರು ಮಾತು ಕೊಟ್ಟಿದ್ದರು.

ಕೈಬರಹ ಮಾತ್ರ ಕೊನೆಯವರೆಗೂ ಸುಧಾರಿಸಲಿಲ್ಲ. ಹತ್ತಿಯ ಮೂಟೆ ಎತ್ತಿದ ಬೆರಳು ಪೆನ್ನಿಗೆ ಬಾಗುತ್ತಿರಲಿಲ್ಲ. ಟೈಪಿಂಗ್ ಯಂತ್ರದ ಮೇಲೆ ನನಗೆ ಆಸೆ ಹುಟ್ಟಿದ್ದೇ ಅದಕ್ಕೆ. ಅದರಲ್ಲಿ ನಾನು ಒತ್ತಿದ 'ಅ' ಅಕ್ಷರವೂ ಕಲೆಕ್ಟರ ಕಚೇರಿಯ 'ಅ' ಅಕ್ಷರವೂ ಒಂದೇ ರೀತಿ ಮೂಡುತ್ತಿದ್ದವು.

ಬೈಲಹೊಂಗಲದಲ್ಲಿ ಜೋಶಿ ಸರ್ ಅವರ ಟೈಪಿಂಗ್ ಕ್ಲಾಸಿತ್ತು. ಅವರು ಕೋರ್ಟಿನಲ್ಲಿ ನಕಲು ತೆಗೆಯುವ ಕೆಲಸ ಮಾಡಿ ನಿವೃತ್ತರಾದವರು. ಅಲ್ಲಿಯ ಶಿಸ್ತನ್ನೇ ನಮಗೂ ಹಚ್ಚಿದ್ದರು. ಕರಡಿನಲ್ಲಿ ಏನಿದೆಯೋ ಅದನ್ನೇ ಹೊಡೆಯಬೇಕು, ಒಂದು ಅಕ್ಷರವನ್ನೂ ನಮ್ಮ ತಲೆಯಿಂದ ಬದಲಿಸುವಂತಿಲ್ಲ. ಒಂದು ತಪ್ಪಾದರೆ ಹಾಳೆ ತೆಗೆದು ಮೊದಲಿನಿಂದ ಶುರು. ಚೊಕ್ಕ ಪ್ರತಿ ತಯಾರಾಯಿತೆಂದರೆ ಕರಡನ್ನು ಅವರ ಎದುರಿಗೇ ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಬೇಕು.

"ಒಂದು ಕೆಲಸಕ್ಕ ಎರಡು ಕಾಗದ ಉಳದ್ವು ಅಂದ್ರ ಮುಂದ ಜಗಳ ಹುಟ್ಟತಾವ" ಎನ್ನುತ್ತಿದ್ದರು. ನಾನು ಅವರ ಮಾತನ್ನು ದೇವರ ಮಾತಿನಂತೆ ನಡೆಸಿದೆ.

ಮಾಹಿತಿ ಹಕ್ಕಿನ ಕಾಯ್ದೆ ಬಂದ ಮರುವರ್ಷ ಅದು. ಆಷಾಢದ ಜಿಟಿಜಿಟಿ ಮಳೆ. ಶಾಲೆಗೆ ಹಾಜರಿ ಪುಸ್ತಕ ತರಲೆಂದು ಒಂದು ಬುಧವಾರ ಸಂತೆಯ ಊರಿಗೆ ಹೋಗಿದ್ದೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸುತ್ತಿನ ಊರುಗಳಲ್ಲಿ ಒಂದು ಅಂದುಕೊಂಡರೆ ಸಾಕು. ನನ್ನ ಕೆಂಪು ಮೋಟಾರ್‌ಸೈಕಲ್ಲನ್ನು ಒಂದು ಅಂಗಡಿಯ ಕಟ್ಟೆಯ ಬದಿಗೆ ನಿಲ್ಲಿಸಿ ಒಳಗೆ ಹೋದೆ. ಪುಸ್ತಕ ಕಟ್ಟಿಸಿಕೊಂಡು ಹೊರಗೆ ಬಂದಾಗ ಗಾಡಿ ನಿಂತಿದ್ದ ಜಾಗ ಮಾತ್ರ ಒಣಗಿತ್ತು. ಸುತ್ತಲೂ ನೆಲ ತೊಯ್ದಿತ್ತು.

ಅಂಗಡಿಯಲ್ಲೇ ಒಂದು ಹಾಳೆ ಬೇಡಿ ದೂರು ಬರೆದು ಠಾಣೆಗೆ ಓಡಿದೆ. ಹವಾಲ್ದಾರ ದ್ಯಾಮಣ್ಣನವರು ಮೇಜಿನ ಹಿಂದೆ ಕುಂತಿದ್ದರು. ಸಿರಸಂಗಿಯ ಕಡೆಯವರು, ನೆರೆತ ಮೀಸೆ, ಹುಡುಗಾಟದ ಮಾತು. ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಏನೋ ತಮ್ಮಾ, ಇದನ್ನ ನೀ ಬರದಿಯೋ, ಇಲ್ಲಾ ಕೋಳಿ ಕೆದರಿ ಹೋಗೇತೋ?"

ಅಲ್ಲಿದ್ದ ಇಬ್ಬರು ಪೊಲೀಸರು ನಕ್ಕರು.

"ಸಂತಿ ಗದ್ದಲದಾಗ ಅವಸರಲೆ ಬರದೇನ್ರಿ" ಎಂದೆ.

"ಇರಲಿ. ಇಂಜಿನ್ ನಂಬರ್ ಎಲ್ಲೆ ಐತಿ ಇದರಾಗ? ನಂಬರ್ ಪಟ್ಟಿ ಕಳ್ಳರು ಮೊದಲ ಕಿತ್ತ ಒಗಿತಾರ. ಇಂಜಿನ್ ನಂಬರ್ ಇಲ್ಲದ ಏನಂತ ಹುಡುಕೂದು, ಕೆಂಪ ಗಾಡಿ ಅಂತ ಡಂಗುರ ಹೊಡಸೂದೇನು?" ಎನ್ನುತ್ತ ಕೆಂಪು ಪೆನ್ನು ತೆಗೆದರು. ಅಂಚಿನಲ್ಲಿ 'ಇಂಜಿನ್ ನಂಬರ್ ಸಹಿತ ತರುವುದು' ಎಂದು ಬರೆದು, ಅಂದಿನ ತಾರೀಖು ಹಾಕಿ, ಕೆಳಗೆ ಸಣ್ಣ ಸಹಿ ಮಾಡಿದರು. "ಇದರ ಮ್ಯಾಲೇ ನಂಬರ್ ಬರದ ನಾಳೆ ಮುಂಜಾನೆ ತಾ. ಇನ್ನೂ ನಾಕ ಠಾಣೆಕ ಫೋನ್ ಹಚ್ಚಬೇಕು."

ಅಲ್ಲಿಗೆ ಮುಗಿಯಬೇಕಿತ್ತು. ಮನೆಯಲ್ಲಿ ಆರ್‌ಸಿ ಪುಸ್ತಕವಿತ್ತು, ನಂಬರು ಬರೆದು ಮರುದಿನದ ಮೊದಲ ಬಸ್ಸಿಗೆ ಹೋಗಬಹುದಿತ್ತು. ಆದರೆ ಆ ಇಬ್ಬರು ಪೊಲೀಸರ ನಗು ನನ್ನ ಕಿವಿಯಲ್ಲಿತ್ತು.

"ಸಾಹೇಬ್ರ, ನನಗ ಟೈಪಿಂಗ್ ಬರತೈತ್ರಿ. ಚೊಕ್ಕ ಟೈಪ್ ಮಾಡಿ ತರತೇನಿ" ಎಂದೆ.

"ಓಹೋ! ಹಂಗಾದ್ರ ತರ್ರಿ ರಾವಸಾಹೇಬ್ರ" ಎಂದು ದ್ಯಾಮಣ್ಣನವರು ಕೈ ಮುಗಿದರು. ಮತ್ತೆ ನಗು.

ಮರುದಿನ ಸಂಜೆ ಜೋಶಿ ಸರ್ ಅವರಲ್ಲಿ ಯಂತ್ರದ ಮುಂದೆ ಕುಂತೆ. ನನ್ನ ಪಾಲಿಗೆ ಇದ್ದದ್ದು ದಿನಕ್ಕೆ ಒಂದು ತಾಸು. ಮೊದಲ ದಿನ ಮೂರು ಹಾಳೆ ಕೆಟ್ಟವು. 'ಕಳ್ಳತನ' ಎಂಬಲ್ಲಿ ಒತ್ತು ಪಕ್ಕಕ್ಕೆ ಸರಿಯಿತು, 'ಠಾಣಾಧಿಕಾರಿ' ಎಂಬಲ್ಲಿ ದೀರ್ಘ ಬಿಟ್ಟುಹೋಯಿತು. ಎರಡನೆಯ, ಮೂರನೆಯ ದಿನ ಕೊನೆಯ ಸಾಲಿಗೆ ಬಂದು ಕೆಡಿಸಿದೆ. ಭಾನುವಾರ ಕ್ಲಾಸಿಗೆ ಬೀಗ. ಮುಂದಿನ ವಾರ ಧಾರವಾಡದಲ್ಲಿ ಟೈಪಿಂಗ್ ಪರೀಕ್ಷೆ. ಜೋಶಿ ಸರ್ ಯಂತ್ರಗಳನ್ನೆಲ್ಲ ಪರೀಕ್ಷೆಯ ಅಭ್ಯಾಸಕ್ಕೆ ಮೀಸಲಿಟ್ಟರು. "ಅರ್ಜಿ ಗಿರ್ಜಿ ಆಮ್ಯಾಲ, ಈರಪ್ಪ. ಮೊದಲ ಪರೀಕ್ಷಾ ಬರಿ" ಎಂದರು. ಶನಿವಾರ ಪರೀಕ್ಷೆ ಬರೆದು ಬಂದೆ. ಸೋಮವಾರ ಸಂಜೆ ಕಾರ್ಬನ್ ಇಟ್ಟು ಹೊಡೆದ ಹಾಳೆ ಕಡೆಗೂ ಚೊಕ್ಕವಾಗಿ ಬಂತು. ಕರಡಿನಲ್ಲಿ ಏನಿತ್ತೋ ಅದೇ, ದಿನಾಂಕ ಸಹಿತ. ಇಂಜಿನ್ ನಂಬರಿನ ಸಾಲೊಂದು ಮಾತ್ರ ಸರ್ ಅವರ ಅಪ್ಪಣೆ ಕೇಳಿ ಸೇರಿಸಿದ್ದು.

ಸರ್ ನೋಡಿ ತಲೆದೂಗಿದರು. ನಾನು ಹೆಮ್ಮೆಯಿಂದ ಕರಡನ್ನು ಅವರ ಎದುರಿಗೆ ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದೆ.

ಮಂಗಳವಾರ ಠಾಣೆಗೆ ಒಯ್ದಾಗ ದ್ಯಾಮಣ್ಣನವರು ಇರಲಿಲ್ಲ, ರಜೆಯ ಮೇಲಿದ್ದರು. ಬೇರೊಬ್ಬ ಪೊಲೀಸರು ಕಾಗದ ತೆಗೆದುಕೊಂಡು ಮೇಜಿನ ಗಾಜಿನ ಕೆಳಗೆ ಸರಿಸಿದರು. "ಹೋಗ್ರಿ, ಸಿಗತೈತಿ." ನನ್ನ ಕಾರ್ಬನ್ ಪ್ರತಿಯ ಮೇಲೆ ಕಾಗದ ಮುಟ್ಟಿದ್ದಕ್ಕೆ ಠಾಣೆಯ ಸಿಕ್ಕಾ, ಅಂದರೆ ಮೊಹರು, ಒತ್ತಿಸಿಕೊಳ್ಳಬೇಕು ಎಂಬುದು ನನಗೆ ಹೊಳೆಯಲಿಲ್ಲ. ಅಂಥ ಚೆಂದದ ಕಾಗದಕ್ಕೆ ಬೇರೆ ಸಾಕ್ಷಿ ಬೇಕೆಂದು ಯಾರಿಗೆ ಅನ್ನಿಸೀತು?

ಶ್ರಾವಣ ಹೋಯಿತು, ಭಾದ್ರಪದ ಹೋಯಿತು. ಗಾಡಿಯ ಸುದ್ದಿಯಿಲ್ಲ. ಠಾಣೆಗೆ ಹೋದರೆ "ನೀವೂ ನಾಕ ಕಡೆ ನೋಡ್ರಿ, ಕಂಡ್ರ ನಮಗ ತಿಳಸ್ರಿ" ಎನ್ನುತ್ತಿದ್ದರು. ಹಾಗೇ ನೋಡುತ್ತಲೂ ಹೋದೆ. ರಜೆ ಸಿಕ್ಕ ದಿನ ಕಿತ್ತೂರಿಗೆ ಹೋಗಿ ಹೆದ್ದಾರಿಯ ಬದಿಯ ಗುಜರಿ ಅಂಗಡಿಗಳಲ್ಲಿ ಗುಡ್ಡೆ ಹಾಕಿದ ಪೆಟ್ರೋಲ್ ಟಾಕಿಗಳನ್ನು ತಿರುವಿ ಹಾಕಿದೆ. ಸವದತ್ತಿಯ ಗುಡ್ಡದ ಕೆಳಗೆ ಸಾಲಾಗಿ ನಿಂತ ಗಾಡಿಗಳ ನಡುವೆ ಬಗ್ಗಿ ಬಗ್ಗಿ ನಂಬರು ಓದಿದೆ. ಅಲ್ಲೊಬ್ಬ ನನ್ನನ್ನೇ ಕಳ್ಳನೆಂದು ತಿಳಿದು ಕಾಲರು ಹಿಡಿದ.

ದೀಪಾವಳಿಯ ಪಾಡ್ಯದ ಮರುದಿನ ನಮ್ಮ ಮನೆಯ ಮುಂದೆ ಜೀಪು ನಿಂತಿತು. ರಾಮದುರ್ಗದ ಕಡೆಯ ಪೊಲೀಸರು. ಗಾಡಿ ಸಿಕ್ಕಿದೆ ಎಂದರು. ನಾನು ಸಂತೋಷದಿಂದ "ಶಾಂತವ್ವಾ, ಚಾ ಇಡು" ಎಂದು ಕೂಗಿದೆ.

ಬಂದವರಲ್ಲಿ ಹಿರಿಯರು ಚಹಾ ಬೇಡವೆಂದರು. ಮಳೆಗಾಲದ ಒಂದು ಭಾನುವಾರ ನಸುಕಿನಲ್ಲಿ, ರಾಮದುರ್ಗದ ಹತ್ತಿರದ ಹಾದಿಯಲ್ಲಿ ಕೆಂಪು ಮೋಟಾರ್‌ಸೈಕಲ್ಲೊಂದು ಒಬ್ಬ ಹೆಣ್ಣುಮಗಳಿಗೆ ಬಡಿದು ನಿಲ್ಲದೆ ಹೋಗಿತ್ತು. ಅವಳು ಆಸ್ಪತ್ರೆಗೆ ಒಯ್ಯುವಾಗಲೇ ತೀರಿಕೊಂಡಿದ್ದಳು. ಈಗ ಕಾಲುವೆಯ ನೀರು ಇಳಿದ ಮೇಲೆ ಗಾಡಿ ಕೆಸರಿನಲ್ಲಿ ಸಿಕ್ಕಿದೆ, ನಂಬರಿನ ಪಟ್ಟಿಯಿಲ್ಲ, ಇಂಜಿನ್ ನಂಬರಿನಿಂದ ಯಜಮಾನನನ್ನು ಹುಡುಕಿದ್ದಾರೆ. ಯಜಮಾನ ನಾನು.

"ಗಾಡಿ ಕಳುವಾಗೇತ್ರಿ ಸಾಹೇಬ್ರ! ನಾ ದೂರು ಕೊಟ್ಟೇನಿ!"

"ಕೇಳೇವಿ. ಆ ಠಾಣೆದಾಗ ನಿಮ್ಮ ಹೆಸರಿಲೆ ಕೇಸ್ ಇಲ್ಲ."

ನಾನು ಕಾರ್ಬನ್ ಪ್ರತಿ ತಂದು ಕೈಗೆ ಕೊಟ್ಟೆ. ಅವರು ಓದಿ, ಹಿಂದೆ ತಿರುಗಿಸಿ, ಮುಂದೆ ತಿರುಗಿಸಿ, "ಸಿಕ್ಕಾ ಎಲ್ಲೆ?" ಎಂದರು.

ಆ ಹೆಣ್ಣುಮಗಳ ಹೆಸರು ಗೌರವ್ವ. ಗಂಡ ಸಂಗಪ್ಪ, ಕೈಮಗ್ಗದ ನೇಕಾರ. ನಸುಕಿನಲ್ಲಿ ಮಗ್ಗಕ್ಕೆ ನೂಲು ಸುತ್ತಿದ ಕಂಡಿಕೆ ತರಲು ಪಕ್ಕದ ಓಣಿಗೆ ಹೊರಟಿದ್ದಳಂತೆ. ಇದೆಲ್ಲ ನನಗೆ ತಿಳಿದದ್ದು ಸಂಗಪ್ಪ ತಾನೇ ನಮ್ಮ ಮನೆಗೆ ಬಂದಾಗ. ನನ್ನನ್ನು ಜಾಮೀನಿನ ಮೇಲೆ ಬಿಟ್ಟ ವಾರ ಅದು. ಐವತ್ತು ದಾಟಿದ ಸಣ್ಣ ಮೈಯ ಮನುಷ್ಯ, ತೊಳೆದ ಬಿಳಿ ಟೋಪಿ. ಕಟ್ಟೆಯ ಮೇಲೆ ಕುಂತ. ನೀರು ಕೊಟ್ಟರೆ ಮುಟ್ಟಲಿಲ್ಲ.

"ಜಗಳಕ್ಕ ಬಂದಿಲ್ರಿ ನಾ. ಒಂದ ಮಾತ ಕೇಳಾಕ ಬಂದೇನಿ. ಅವತ್ತ ಗಾಡಿ ಮ್ಯಾಲೆ ನೀವ ಇದ್ರಿ, ಇಲ್ಲೊ?"

"ಇರಲಿಲ್ಲ ಸಂಗಪ್ಪಣ್ಣ. ಮಗಳಾಣೆ. ಅದಕಿಂತ ಹನ್ನೊಂದ ದಿನ ಮೊದಲ ಕಳುವಾಗಿತ್ತು. ಕಳುವಾದ ದಿನಾನ ದೂರು ಕೊಟ್ಟೇನಿ. ನೋಡ್ರಿ ಇಲ್ಲೆ."

ಸಂಗಪ್ಪನಿಗೆ ಓದು ಬರುತ್ತಿತ್ತು. ಬೆರಳು ಇಟ್ಟು ಓದಿದ.

"ಇದು ನಿಮ್ಮ ಕೈಲೆ ಬಡದ ಕಾಗದ. ಇವತ್ತ ಕುಂತು ಹಿಂದಿನ ತಾರೀಖ ಬಡದ್ರೂ ಹಿಂಗ ಕಾಣತೈತಿ."

"ಅವರ ಕಡಿಂದ ಸಿಕ್ಕಾ ಇದ್ದ ಕಾಗದ ತಂದ ತೋರಸತೇನಿ."

"ತರ್ರಿ" ಎಂದು ಎದ್ದ. "ತಂದ್ರಂದ್ರ ನಾ ಕೋರ್ಟಿನಾಗ ನಿಂತು ಇಂವ ಅಲ್ಲ ಅಂತ ಹೇಳತೇನಿ. ತರಲಿಲ್ಲಂದ್ರ ನನ್ನ ಜೀವ ಇರೂತನಕ ನೀವ ಅಂತ ತಿಳಕೋತೇನಿ."

ಟೈಪಿಂಗ್ ಪಾಸಾಗಿದ್ದರೂ ಗುಮಾಸ್ತನ ಕುರ್ಚಿ ಆಗಲೇ ಕೈಬಿಟ್ಟಂತಿತ್ತು. ಕೇಸು ಮುಗಿಯುವವರೆಗೆ ಆ ಮಾತು ಬೇಡ ಎಂದಿದ್ದರು ಹೆಡ್‌ಮಾಸ್ತರರು. ಗಂಟೆ ಬಾರಿಸಲು ಹೋದರೆ ಮಕ್ಕಳು ಪಿಸುಗುಡುತ್ತಿದ್ದರು. ಆದರೆ ನನಗೆ ಅನ್ನ ಇಳಿಯದಂತೆ ಮಾಡಿದ್ದು ಸಂಗಪ್ಪನ ಆ ಕೊನೆಯ ಮಾತು. ನನಗೆ ಗುರುತಿಲ್ಲದ ಒಂದು ಮನೆಯಲ್ಲಿ ಮಗ್ಗದ ಮುಂದೆ ಕುಂತ ಒಬ್ಬ ಮನುಷ್ಯ ದಿನಾಲೂ ನನ್ನನ್ನು ಕೊಲೆಗಾರನೆಂದು ನೆನೆಯುತ್ತಾನೆ. ಅದನ್ನು ಹೊತ್ತು ಹೇಗೆ ಬದುಕುವುದು?

ಬೈಲಹೊಂಗಲದ ನನ್ನ ವಕೀಲರು ಪಾಟೀಲರು ಮಾಹಿತಿ ಹಕ್ಕಿನ ದಾರಿ ತೋರಿಸಿದರು. "ನಿನ್ನ ಒಂದ ದೂರಿಂದ ಅಷ್ಟ ಕೇಳಿದೆಂದ್ರ ತನಿಖೆ ನಡದೈತಿ, ಕೊಡಾಕ ಬರೂದಿಲ್ಲ ಅಂತಾರ. ಊರ ಲೆಕ್ಕ ಕೇಳು. ಗಾಡಿ ಕಳವು ತಡ್ಯಾಕ ಏನೇನ ಮಾಡೀರಿ ಅಂತ ಕೇಳು. ಅದರಾಗ ನಿಂದೂ ಹೊರಗ ಬೀಳತೈತಿ."

ಹಾಗಾಗಿ ನಾನು, ಒಂದು ಗಾಡಿ ಕಳೆದುಕೊಂಡ ಸಿಪಾಯಿ, ಇಡೀ ಠಾಣೆಯ ಕೆಲಸದ ಬಗ್ಗೆ ಪ್ರಶ್ನೆ ಕೇಳುವವನಾದೆ. ಆ ವರ್ಷ ವಾಹನ ಕಳವಿನ ಎಷ್ಟು ಪ್ರಕರಣ ದಾಖಲಾದವು? ಎಷ್ಟು ಗಾಡಿ ಸಿಕ್ಕವು? ಸಂತೆಯ ದಿನ ಗಸ್ತಿಗೆ ಯಾರಿದ್ದರು? ಪತ್ತೆಗೆಂದು ಬೇರೆ ತಂಡ ಇದೆಯೋ ಇಲ್ಲವೋ? ಜೋಶಿ ಸರ್ ಅವರ ಯಂತ್ರದಲ್ಲೇ ಹೊಡೆದೆ. ಪೋಸ್ಟಲ್ ಆರ್ಡರು ಲಗತ್ತಿಸಿ ಜಿಲ್ಲಾ ಪೊಲೀಸ್ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

ಜೋಳ ತೆನೆ ಹಿಡಿಯುವ ಹೊತ್ತಿಗೆ ಉತ್ತರ ಬಂತು. 'ಸಂತೆಯ ದಿನಗಳಲ್ಲಿ ನಿಯಮಾನುಸಾರ ಗಸ್ತು ನಿರ್ವಹಿಸಲಾಗಿರುತ್ತದೆ. ಸದರಿ ಅವಧಿಯಲ್ಲಿ ವಾಹನ ಕಳವಿನ ಪ್ರಕರಣಗಳು ದಾಖಲಾಗಿರುವುದಿಲ್ಲ.'

ಓದಿ ನಗು ಬಂತು, ಕೂಡಲೇ ಅಳುವೂ ಬಂತು. ಶಾಂತವ್ವ ಹಾಳೆಯನ್ನು ಕಸಿದು ನೋಡಿ, "ಅಂದ್ರ ನಮ್ಮ ಗಾಡಿ ಕಳುವ ಆಗಿಲ್ಲಂತೇನ್ರಿ?" ಎಂದಳು.

ವಕೀಲರು ಮಾತ್ರ ಹುರುಪಿನಲ್ಲಿದ್ದರು. "ಹುಚ್ಚಾ, ಪ್ರಕರಣ ದಾಖಲಾಗಿಲ್ಲ ಅಂದಾರ, ದೂರು ಬಂದಿಲ್ಲ ಅಂದಿಲ್ಲ. ಕಾಗದ ಬಂದ್ರ ಆವಕ ಪುಸ್ತಕದಾಗ ಬರೀಲೇಬೇಕು. ಮೇಲ್ಮನವಿ ಹಾಕು. ಆವಕ ಪುಸ್ತಕದ ನಕಲು ಕೇಳು."

ಹಾಕಿದೆ. ಈ ನಡುವೆ ರಾಮದುರ್ಗದ ಕೋರ್ಟಿನ ತಾರೀಖುಗಳು ಶುರುವಾಗಿದ್ದವು. ಅಂಗಳದ ಬೇವಿನ ಗಿಡದ ಕೆಳಗೆ ಒಂದೇ ಕಲ್ಲುಬೆಂಚು. ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಸಂಗಪ್ಪ. ಮೂರನೆಯ ತಾರೀಖಿನ ದಿನ ಅವನು ತನ್ನ ಬುತ್ತಿ ಬಿಚ್ಚಿ, ಒಂದು ರೊಟ್ಟಿ ಮುರಿದು ಬೆಂಚಿನ ನಡುವೆ ಇಟ್ಟ.

"ತಿನ್ರಿ. ಮುಂಜಾನೆ ಬಸ್ಸಿಗೆ ಬಂದೀರಿ."

"ನನ್ನ ಮ್ಯಾಲೆ ಇಷ್ಟ ಸಿಟ್ಟ ಇಟಗೊಂಡೂ ರೊಟ್ಟಿ ಕೊಡತೀರಲ್ಲ ಸಂಗಪ್ಪಣ್ಣ?"

"ಸಿಟ್ಟ ಬ್ಯಾರೆ, ಹಸಿವಿ ಬ್ಯಾರೆ" ಎಂದ. ಸ್ವಲ್ಪ ಹೊತ್ತು ಅಗಿದು, "ಕಾಗದ ಬಂತೇನ್ರಿ?" ಎಂದು ಕೇಳಿದ.

ಪ್ರತಿ ತಾರೀಖಿಗೂ ಅದೇ ಪ್ರಶ್ನೆ. ಬರಬರುತ್ತ ನನಗೆ ಒಂದು ಅನುಮಾನ ಬಂತು. ಆ ಕಾಗದ ಬರಲಿ ಎಂದು ಸಂಗಪ್ಪನೂ ಕಾಯುತ್ತಿದ್ದ. ನನ್ನನ್ನು ದ್ವೇಷಿಸಿ ಅವನಿಗೂ ದಣಿವಾಗಿತ್ತು.

ಬೇಸಿಗೆಯಲ್ಲಿ ಮೇಲ್ಮನವಿಯ ವಿಚಾರಣೆ. ಅಧಿಕಾರಿ ಒಬ್ಬ ಹೆಣ್ಣುಮಗಳು. ನನ್ನನ್ನು ಕೂಡಿಸಿ, ಪೂರ್ತಿ ಕೇಳಿ, ಠಾಣೆಯವರಿಗೆ ಗಟ್ಟಿಯಾಗಿ ಹೇಳಿದರು: "ಕಾಗದ ಬಂದಿತ್ತೋ ಇಲ್ಲೋ, ಒಂದ ವಾರದಾಗ ಇವರಿಗೆ ಆವಕ ಪುಸ್ತಕದ ನಕಲು ಮುಟ್ಟಬೇಕು." ನನಗೆ ಅವರ ಕಾಲು ಮುಟ್ಟಬೇಕೆನ್ನಿಸಿತು.

ವಾರ ತುಂಬುವ ಮೊದಲೇ ಕರೆ ಬಂತು. ಕಚೇರಿಯ ಕಿಟಕಿಯಲ್ಲಿ ಲಕೋಟೆ ಕೊಟ್ಟರು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಂತು ಒಡೆದೆ. ದೃಢೀಕರಿಸಿದ ನಕಲು, ದುಂಡನೆಯ ಸಿಕ್ಕಾ, ನನ್ನ ಹೆಸರು, 'ಮೋಟಾರ್‌ಸೈಕಲ್ ಕಳುವಾದ ಬಗ್ಗೆ ಅರ್ಜಿ'. ಎದುರಿಗೆ ಬಂದ ದಿನಾಂಕ. ಅದು ಬುಧವಾರದ್ದಲ್ಲ. ಅದಾದ ಹದಿಮೂರನೆಯ ದಿನ ಮಂಗಳವಾರದ್ದು. ಗೌರವ್ವ ತೀರಿಕೊಂಡ ಭಾನುವಾರದಿಂದ ಎರಡು ದಿನ ಆಚೆಗೆ.

"ಸುಳ್ಳ ಮಕ್ಕಳು!" ಎಂದು ಬಸ್ಸಿನಲ್ಲೇ ಕೂಗಿದೆ. ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ. ತಿದ್ದಿ ಬರೆದಿರಬೇಕು ಎಂದು ಹಾಳೆಯನ್ನು ಬಿಸಿಲಿಗೆ ಹಿಡಿದೆ. ಹಿಂದಿನ ಸಾಲು, ಮುಂದಿನ ಸಾಲು ಎಲ್ಲ ಕ್ರಮವಾಗಿದ್ದವು. ಆಮೇಲೆ ಬೆರಳಿನ ಗೆಣ್ಣು ಎಣಿಸತೊಡಗಿದೆ. ಬುಧವಾರ ಕಳುವು. ಗುರುವಾರ ಮೂರು ಹಾಳೆ ಕೆಟ್ಟವು. ಭಾನುವಾರ ಬೀಗ. ಶನಿವಾರ ಧಾರವಾಡ. ಸೋಮವಾರ...

ಗೆಣ್ಣಿನ ಮೇಲೆ ಬೆರಳು ನಿಂತಿತು. ಹೊರಗೆ ಬಿತ್ತನೆಗೆ ಕಾದ ಕರಿಯ ಹೊಲಗಳು ಒಂದೇ ಸಮನೆ ಹಿಂದೆ ಓಡುತ್ತಿದ್ದವು. ಪೊಲೀಸರಿಗೆ, ವಕೀಲರಿಗೆ, ಹೆಂಡತಿಗೆ, ಮಗಳ ಮೇಲೆ ಆಣೆಯಿಟ್ಟು ಸಂಗಪ್ಪನಿಗೆ, ಎಲ್ಲರಿಗೂ 'ಕಳುವಾದ ದಿನವೇ ದೂರು ಕೊಟ್ಟೆ' ಎಂದು ಹೇಳಿಕೊಂಡು ಬಂದಿದ್ದೆ. ಬೇಕೆಂದು ಸುಳ್ಳು ಹೇಳಿರಲಿಲ್ಲ. ಕಾಗದದ ಮೇಲೆ ಆ ತಾರೀಖಿತ್ತು. ನೋಡಿ ನೋಡಿ ಅದನ್ನೇ ನಿಜ ಮಾಡಿಕೊಂಡಿದ್ದೆ.

ನೇರ ಜೋಶಿ ಸರ್ ಅವರಲ್ಲಿಗೆ ಹೋದೆ. "ಸರ್, ಹೋದ ವರ್ಷದ ಮಳಿಗಾಲದಾಗ ಈ ಬುಟ್ಟಿಗೆ ಹಾಕಿದ್ದ ಕರಡ ಏನಾಗಿರಬೇಕ್ರಿ?"

"ಏನಾಗತೈತಿ? ಬಚ್ಚಲ ಒಲಿಗೆ ಹೋಗಿರತೈತಿ. ಯಾಕೋ?"

ಹೇಳಿದೆ. ಅದರ ಅಂಚಿಗೆ ಹವಾಲ್ದಾರರ ಕೆಂಪು ಅಕ್ಷರ ಇತ್ತು, ಬುಧವಾರದ ತಾರೀಖು ಇತ್ತು, ಸಹಿ ಇತ್ತು ಎಂದೆ. ಸರ್ ಕನ್ನಡಕ ತೆಗೆದು ಬಹಳ ಹೊತ್ತು ಧೋತರದ ಅಂಚಿನಿಂದ ಒರೆಸಿದರು. "ಅಂಚಿನಾಗ ಬರದದ್ದನ್ನ ನೋಡಿದ್ರ ನಾ ಹರೀ ಅಂತಿದ್ದಿಲ್ಲೋ" ಎಂದರು. ಅವರ ತಪ್ಪಲ್ಲ. ಹರಿಯುವಾಗ ನಾನೂ ಅದನ್ನು ನೋಡಲಿಲ್ಲ.

ದ್ಯಾಮಣ್ಣನವರು ಅಷ್ಟರಲ್ಲಿ ನಿವೃತ್ತರಾಗಿ ಸಿರಸಂಗಿಯಲ್ಲಿದ್ದರು. ಹುಡುಕಿಕೊಂಡು ಹೋದಾಗ ಅಂಗಳದಲ್ಲಿ ಎಮ್ಮೆಯ ಮೈ ತಿಕ್ಕುತ್ತಿದ್ದರು. ನೋಡಿದ ಕೂಡಲೇ ಗುರುತು ಹಿಡಿದರು.

"ಟೈಪಿಂಗ್ ರಾವಸಾಹೇಬ್ರು! ಬರ್ರಿ, ಕುಂಡ್ರಿ."

ಎಲ್ಲ ಕೇಳಿದರು. ಎಮ್ಮೆಯ ಬೆನ್ನ ಮೇಲಿದ್ದ ಕೈ ಹಾಗೇ ಉಳಿಯಿತು.

"ನೀ ಬಂದಿದ್ದಿ ತಮ್ಮಾ, ಖರೆ. ಕೆಂಪ ಪೆನ್ನಿಲೆ ಬರದೂ ಕೊಟ್ಟಿದ್ದೆ. ಮರುದಿನ ನಿನ್ನ ದಾರೀನೂ ನೋಡೇನಿ."

"ಇಷ್ಟ ಮಾತ ಕೋರ್ಟಿನಾಗ ಬಂದ ಹೇಳ್ರಿ ಯಪ್ಪಾ."

"ಆ ಕಾಗದ ತೊಗೊಂಡ ಬಾ. ಎಲ್ಲೆ ಕರೀತಿ ಅಲ್ಲೆ ಬಂದು, ಇದು ನನ್ನ ಅಕ್ಷರ ಅಂತೇನಿ. ಕಾಗದಿಲ್ಲದ ನಾ ಬಾಯಿಲೆ ಹೇಳಿದ್ರ, ಕಳವು ಗೊತ್ತಿದ್ರೂ ಯಾಕ ಸುಮ್ನ ಕುಂತಿ ಅಂತ ನನ್ನ ಕೊಳ್ಳಿಗೆ ಬರತೈತಿ. ಪಿಂಚಣಿ ಈಗ ಶುರು ಆಗೇತಿ." ಮತ್ತೆ ಮೆಲ್ಲಗೆ, "ಆ ಕೆಟ್ಟ ಅಕ್ಷರದ ಕಾಗದಾನ ಕೊಟ್ಟ ಹೋಗಿದ್ರ ಆಗತಿತ್ತಲ್ಲೋ ತಮ್ಮಾ. ನಾ ನಕ್ಕದ್ದು ಚಾಷ್ಟಿಗೆ" ಎಂದರು.

ಮುಂದಿನ ತಾರೀಖಿಗೆ ಆ ನಕಲನ್ನು ಒಯ್ಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ವಕೀಲರು "ಅದನ್ನ ಯಾರಿಗೂ ತೋರಸಬ್ಯಾಡ, ಮುಳಗತಿ" ಎಂದಿದ್ದರು. ಬೇವಿನ ಗಿಡದ ಕೆಳಗೆ ಸಂಗಪ್ಪ ಎಂದಿನಂತೆ ರೊಟ್ಟಿ ಮುರಿದು ಇಟ್ಟು ಕೇಳಿದ: "ಕಾಗದ ಬಂತೇನ್ರಿ?"

ಕೊಟ್ಟೆ. ಬೆರಳಿಟ್ಟು ಓದಿದ. ಬೆರಳು ದಿನಾಂಕದ ಮೇಲೆ ನಿಂತಿತು.

"ಇದು ನಮ್ಮಾಕಿ ಹೋದ ಮ್ಯಾಲಿಂದು."

ನಾನು ಬುಧವಾರದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಪೊಲೀಸರ ನಗು, ನನ್ನ ಹಟ, ಕೆಟ್ಟ ಹಾಳೆಗಳು, ಧಾರವಾಡದ ಪರೀಕ್ಷೆ, ಹರಿದು ಹಾಕಿದ ಕರಡು, ಸಿರಸಂಗಿಯ ಅಂಗಳ. ಹೇಳುತ್ತ ಹೇಳುತ್ತ ಅವನ ಮುಖ ನೋಡುತ್ತಿದ್ದೆ. ನಂಬುತ್ತಿದ್ದಾನೆ ಎನ್ನಿಸಿತು. ಎಂಟು ತಿಂಗಳ ಮೇಲೆ ಮೊದಲ ಸಲ ನನ್ನ ಎದೆಯ ಭಾರ ಒಂದಿಷ್ಟು ಇಳಿಯಿತು.

"ನಂಬಿದೆ" ಎಂದ ಸಂಗಪ್ಪ. "ಸುಳ್ಳ ಹೇಳಾಂವ ಇಂಥಾ ಕಾಗದ ತಂದ ಕೊಡತಿದ್ದಿಲ್ಲ. ಗಾಡಿ ಮ್ಯಾಲೆ ನೀವ ಇರಲಿಲ್ಲ."

ನಾನು ಕೈ ಮುಗಿದೆ. ಅವನು ಆ ಕೈಯನ್ನು ನೋಡಲಿಲ್ಲ. ಹಾಳೆಯನ್ನು ಮಡಚಿ ಬೆಂಚಿನ ಮೇಲೆ ಇಟ್ಟ.

"ಆದ್ರ ಗುರುವಾರ ಮುಂಜಾನೆ ಆ ಕಾಗದಾನ ಕೊಟ್ಟ ಬಂದಿದ್ರ ಆ ಹವಾಲ್ದಾರ ನಾಕ ಠಾಣೆಕ ಫೋನ್ ಹಚ್ಚತಿದ್ದ. ಹಚ್ಚತಿದ್ದ ಅಂತ ನೀವ ಹೇಳಿದ್ರಿ. ಹತ್ತ ದಿನ ಇತ್ತು. ಯಾರರೇ ಒಬ್ಬ ಪೊಲೀಸ್, ಹಾದಿ ಮ್ಯಾಲಿನ ಯಾವದರೇ ಒಂದ ನಾಕಾದಾಗ, ಆ ಗಾಡಿ ಹಿಡಿತಿದ್ದನೋ ಇಲ್ಲೋ?"

ನಾನು ಮಡಚಿದ ಹಾಳೆಯನ್ನು ಕೈಗೆತ್ತಿಕೊಂಡೆ.

"ಅಕ್ಷರ ಚೆಂದ ಬರಬೇಕಂತ..." ಎಂದ. ಬುತ್ತಿಯ ಅರಿವೆ ಝಾಡಿಸಿ ಎದ್ದು ಹೋದ. ಅವನು ಇಟ್ಟ ರೊಟ್ಟಿ ಬೆಂಚಿನ ಮೇಲೇ ಇತ್ತು. ತಿನ್ನಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ.

ಕೋರ್ಟಿನಲ್ಲಿ ಅವನು ಕೊಟ್ಟ ಮಾತಿನಂತೆ ನಡೆದುಕೊಂಡ. ಇಂವ ಅಲ್ಲ ಎಂದು ಹೇಳಿದ. ಅಪಘಾತ ನೋಡಿದವರು ಯಾರೂ ನನ್ನನ್ನು ಗುರುತಿಸಲಿಲ್ಲ. ಸಂಶಯದ ಲಾಭ ಕೊಟ್ಟು ಬಿಟ್ಟರು. ವಕೀಲರು ಪೇಢೆ ತರಿಸಿದರು. ಅಂಗಳಕ್ಕೆ ಬಂದು ನೋಡಿದರೆ ಕಲ್ಲುಬೆಂಚು ಖಾಲಿ. ಸಂಗಪ್ಪ ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ. ಅವನ ಓಣಿಯವರೆಗೆ ಎರಡು ಸಲ ಹೋದೆ. ಮಗ್ಗದ ಸಪ್ಪಳ ಕೇಳಿಸಿಕೊಂಡು ಹಾಗೇ ತಿರುಗಿ ಬಂದೆ.

ಮರುವರ್ಷ ಗುಮಾಸ್ತನಾದೆ. ನಿವೃತ್ತಿಯವರೆಗೂ ಅದೇ ಕುರ್ಚಿ. ಯಾವ ತಾಯಿ ತಂದೆ ಎಂಥ ಅಕ್ಷರದಲ್ಲಿ ಅರ್ಜಿ ತಂದರೂ ಮೊದಲು ಸಿಕ್ಕಾ ಒತ್ತಿ ತಾರೀಖು ಹಾಕುತ್ತಿದ್ದೆ, ಆಮೇಲೆ ಓದುತ್ತಿದ್ದೆ. ಹೆಡ್‌ಮಾಸ್ತರರು "ಓದಿ ಒತ್ತಪಾ ಈರಪ್ಪ" ಎಂದು ಎಷ್ಟೋ ಸಲ ಬೈದರು.

ಆ ಕೇಸಿನ ಕಾಲದಲ್ಲಿ ನಾನು ಹಾಕಿದ ಕೊನೆಯ ಮಾಹಿತಿ ಹಕ್ಕಿನ ಅರ್ಜಿಯ ಸಂಗತಿ ಹೇಳುವುದು ಉಳಿದಿದೆ. ಸಂಗಪ್ಪ ಬೆಂಚಿನಿಂದ ಎದ್ದು ಹೋದ ದಿನವೇ ರಾಮದುರ್ಗದ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕುಂತು ಬರೆದೆ. ಟೈಪ್ ಮಾಡಲಿಲ್ಲ. ಅಲ್ಲೇ ಕೊಂಡ ಹಾಳೆ, ಅಲ್ಲೇ ಎರವಲು ಪಡೆದ ಪೆನ್ನು. ಅಕ್ಷರ ಕೋಳಿ ಕೆದರಿದಂತೆಯೇ ಬಂತು. ಮಳೆಯ ಮೊದಲ ಹನಿಗಳು ಬೀಳುತ್ತಿದ್ದವು, ಒಂದೆರಡು ಕಡೆ ಶಾಯಿ ಹರಡಿತು. ಎರಡೇ ಪ್ರಶ್ನೆ ಕೇಳಿದ್ದೆ. ಕಳುವಾದ ಮರುದಿನವೇ ದೂರು ಬಂದ ಗಾಡಿಗಳಲ್ಲಿ ಹನ್ನೊಂದು ದಿನದೊಳಗೆ ಸಿಕ್ಕವು ಎಷ್ಟು? ನನ್ನ ದೂರನ್ನು ಆ ಗುರುವಾರವೇ ಕೊಟ್ಟಿದ್ದರೆ ನನ್ನ ಗಾಡಿ ಆ ಭಾನುವಾರದೊಳಗೆ ಸಿಗುತ್ತಿತ್ತೋ ಇಲ್ಲವೋ?

ಒಂದು ತಿಂಗಳ ಮೇಲೆ ಉತ್ತರ ಬಂತು. ಟೈಪ್ ಮಾಡಿದ್ದು, ಒಂದೂ ತಪ್ಪಿಲ್ಲ. ಮೊದಲನೆಯದಕ್ಕೆ, ಅಂಥ ಮಾಹಿತಿಯನ್ನು ಕ್ರೋಡೀಕರಿಸಿ ಇಟ್ಟಿರುವುದಿಲ್ಲ. ಎರಡನೆಯದಕ್ಕೆ, 'ಸದರಿ ಪ್ರಶ್ನೆಯು ಊಹೆಯಿಂದ ಕೂಡಿದ್ದು, ಕಾಯ್ದೆಯಡಿ ಉತ್ತರಿಸಲು ಅವಕಾಶವಿರುವುದಿಲ್ಲ.'

ಶಾಂತವ್ವ ಆ ಕಾರ್ಬನ್ ಪ್ರತಿ ಕೈಯಲ್ಲಿಟ್ಟುಕೊಂಡು ಟ್ರಂಕಿನ ಮುಚ್ಚಳ ಹಿಡಿದು ನಿಂತಿದ್ದಳು. "ಒಗೀಲೇನ್ರಿ ಇದನ್ನ?" ಎಂದಳು.

"ಬ್ಯಾಡ. ಇದ್ದಲ್ಲೇ ಇಡು" ಎಂದೆ.